ಎಂಜಲು ಕುಡಿದ ಕುರ್ಚಿ

“ಕೆರೀಬೇಡಿ. ಹಳೇ ಬಣ್ಣದ ಮೇಲೇ ಹೊಸದು ಬಳಿದುಬಿಡಿ. ಎಂಜಲು ಮಾತ್ರ ತಾಗಿಸ್ಲೇಬೇಡಿ,” ಎಂದಳು ಕುರ್ಚಿ ತಂದ ಹೆಂಗಸು. “ನಮ್ಮತ್ತೆ ತನ್ನ ವಾರಗಿತ್ತಿ ಮೇಲೆ ಮಾಟ ಮಾಡ್ಸಿದ ಕುರ್ಚಿ ಇದು. ಎಂಜಲು ಕುಡಿದ್ರೆ ಎಚ್ಚರ ಆಗುತ್ತೆ. ಆಮೇಲೆ ಬಸುರಿ ಇದರಲ್ಲಿ ಕೂತ್ರೆ, ಏಳುವಾಗ ಬಸುರಿಯಾಗಿರಲ್ಲ.”

“ಅಮ್ಮಾ, ನಾನು ಮರಕ್ಕೆ ಪಾಲಿಶ್ ಹಾಕೋನು, ಮುತ್ತು ಕೊಡೋನಲ್ಲ,” ಎಂದು ಪಾಲಿಶ್‌ನವನು ನಕ್ಕ. ಆಕೆ ನಗಲಿಲ್ಲ. ಕುರ್ಚಿಗೆ ಸುತ್ತಿದ್ದ ಚಾದರವನ್ನೂ ಬಿಟ್ಟು ಹೋದಳು.

ಈ ಊರಿಗೆ ಬಂದು ಅಂಗಡಿ ಇಟ್ಟು ಅವನಿಗೆ ಮೂರೇ ತಿಂಗಳು. ಜಂಬ ಮಾತ್ರ ಹಳೆಯದು. ಬೀಟೆ ಮರಕ್ಕೆ ಬಣ್ಣ ಬಳಿ ಎಂದವರನ್ನು ಕಂಡರೆ ಮೈಯೆಲ್ಲ ಉರಿ. ಕುರ್ಚಿಯ ಕೈಯ ಮೇಲೆ ಉಳಿಯಿಂದ ಬೆರಳಗಲ ಕೆರೆದೇಬಿಟ್ಟ. ಹಸಿರು ಬಣ್ಣ ಸುರುಳಿಯಾಗಿ ಎದ್ದಿತು. ಅಡಿಯಿಂದ ಹಳಸಿದ ಹಾಲಿನ ವಾಸನೆ ಬಂತು.

ಪಾಲಿಶ್ ಹಾಕಿದರೆ ಮರ ಹೇಗೆ ಕಾಣುತ್ತದೆಂದು ನೋಡಲು ಅವನದೊಂದು ಉಪಾಯವಿತ್ತು: ಹೆಬ್ಬೆರಳು ನೆಕ್ಕಿ ಉಜ್ಜುವುದು. ಹುಟ್ಟುಗುಣ ಸುಟ್ಟರೂ ಹೋಗದು. ನೆಕ್ಕಿದ. ಉಜ್ಜಿದ. ಆಮೇಲೆ ಆಕೆಯ ಮಾತು ನೆನಪಾಯಿತು.

ಒದ್ದೆ ಆರಬೇಕಿತ್ತು. ಆರಲಿಲ್ಲ, ಹರಡಿತು. ಕುರ್ಚಿಯ ಕೈಯಿಂದ ಕಾಲಿಗೆ, ಕಾಲಿನಿಂದ ಬೆನ್ನಿಗೆ ಬಣ್ಣ ಉಬ್ಬಿ ಚಟಚಟನೆ ಸಿಡಿಯಿತು. ಅತ್ತ ಅವನ ಬಾಯಿ ಒಣಗಿತು. ಒಂದು ಚೊಂಬು ನೀರು ಕುಡಿದ; ಗಂಟಲಲ್ಲಿ ಮರದ ಹೊಟ್ಟು ಇಳಿದಂತಾಯಿತು. ‘ಅಯ್ಯೋ’ ಎನ್ನಲು ಬಾಯಿ ತೆರೆದ. ಸದ್ದೇ ಬರಲಿಲ್ಲ.

“ಅಯ್ಯೋ,” ಎಂದಿತು ಕುರ್ಚಿ. ಅವನದೇ ದನಿ.

ಆಗಲೇ ಹೊರಗೆ ಚಪ್ಪಲಿಯ ಸದ್ದು. ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಹೆಂಡತಿ ಬರುವ ಹೊತ್ತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಿಂತ ಬಸಿರು. ಈಗ ಆರು ತಿಂಗಳು.

“ಬಾರೇ ಪುಟ್ಟೀ,” ಕುರ್ಚಿ ಅಕ್ಕರೆಯಿಂದ ಕರೆಯಿತು. “ಬಿಸಿಲಲ್ಲಿ ನಡೆದು ಬಂದಿದೀಯ. ಕೂತ್ಕೋ.”

“ಬಂದೇ ರೀ. ಕಾಲು ಬಿದ್ದೋಗ್ತಿದೆ.”

ಬಾಗಿಲು ಹಾಕಲು ಹೊರಟ. ಕಾಲು ಮರಗಟ್ಟಿತ್ತು. ಅವಳು ಹೊಸ್ತಿಲು ದಾಟಿದಳು. ಅಂಗಡಿಯಲ್ಲಿ ಬೇರೆ ಆಸನವಿಲ್ಲ. ಅವನಿಗೆ ಒಂದೇ ದಾರಿ ಹೊಳೆಯಿತು. ಜಾಗ ಖಾಲಿ ಇದ್ದರೆ ತಾನೇ ಅವಳು ಕೂರುವುದು! ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕುರ್ಚಿಯೊಳಕ್ಕೆ ತಾನೇ ಬಿದ್ದ.

ಗೆದ್ದೆ ಅಂದುಕೊಂಡ. ಬೆನ್ನು ಅಂಟಿತು. ತೊಡೆ ಅಂಟಿತು. ಅಂಗೈ ಅಂಟಿತು. ಮರ ಎಲ್ಲಿ ಮುಗಿಯಿತು, ತಾನೆಲ್ಲಿ ಶುರು, ತಿಳಿಯಲಿಲ್ಲ. ಬರಬೇಡ. ಹೋಗು. ಓಡು. ತುಟಿ ಅಲುಗಲಿಲ್ಲ.

ಬಿಸಿಲಿನಿಂದ ಬಂದವಳಿಗೆ ಅಂಗಡಿಯೊಳಗೆ ಕತ್ತಲೆ. ಕಣ್ಣು ಕಿರಿದಾಗಿಸಿ ನೋಡಿದಳು. “ನೀವೇ ಕೂತ್ಬಿಟ್ರಲ್ಲಾ! ನಾನೆಲ್ಲಿ ಕೂರ್ಲಿ?”

ಅವನ ಬೆನ್ನ ಹಿಂದಿನಿಂದ ಅವನದೇ ದನಿ ನಕ್ಕಿತು. “ತೊಡೆ ಇಲ್ವೇನೇ? ಬಾ.”

“ಥೂ, ಹಾಡಹಗಲೇ!” ಅವಳು ಬೀದಿಯತ್ತ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಡಬ್ಬಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ನಗುತ್ತಾ ಬಂದು ಕೂತಳು.