ನಾಲ್ಕನೇ ತಿಂಗಳ ಎರಡು ವಾರ

ಮಿಲ್ಲಿನ ದವಾಖಾನೆಯಲ್ಲಿ ಒಂಬತ್ತು ವರ್ಷ ದುಡಿದು, ಆ ಕೆಲಸ ಬಿಟ್ಟು ಸಂಶೋಧನೆಗೆ ಬಂದಿದ್ದ ದಾದಿ ನಮ್ಮ ಗ್ರಂಥಾಲಯದ ಬಾಗಿಲಲ್ಲಿ ನಿಂತಾಗ ಬೆಳಿಗ್ಗೆ ಹತ್ತೂವರೆ. ಕೈಯಲ್ಲಿ ವಿಭಾಗದ ಮುಖ್ಯಸ್ಥರ ಪತ್ರವಿತ್ತು. ಆಕೆ ಸಲ್ಲಿಸಿದ ಸಂಶೋಧನಾ ಪ್ರಸ್ತಾವನೆ ಬೇರೊಬ್ಬರದನ್ನು ಕದ್ದದ್ದೆಂಬ ಅನುಮಾನವಿದೆ, ಶುಕ್ರವಾರದೊಳಗೆ ಸಮಜಾಯಿಷಿ ಕೊಡದಿದ್ದರೆ ಸೀಟು ರದ್ದು ಎಂದು ಅದರಲ್ಲಿ ಬರೆದಿತ್ತು.

"ಕಳ್ಳಿ ಅನ್ನಿಸ್ಕೊಂಡು ಹೊರಗೆ ಹೋದ್ರೆ ಇನ್ಯಾವ ಕಾಲೇಜೂ ನನ್ನ ಸೇರಿಸ್ಕೊಳ್ಳಲ್ಲ, ಯಾಕಮ್ಮ. ಬಿಟ್ಟು ಬಂದ ಕೆಲಸಾನೂ ವಾಪಸ್ ಸಿಗಲ್ಲ," ಎಂದಳು.

ಯಾಕಮ್ಮ ಎಂದರೆ ನಮ್ಮ ಗ್ರಂಥಪಾಲಕಿ. ಕಂಡದ್ದಕ್ಕೆಲ್ಲ 'ಯಾಕೆ' ಎಂದು ಕೇಳುವ ಚಾಳಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅದು, ಅವರೂ ಒಪ್ಪಿಕೊಂಡುಬಿಟ್ಟಿದ್ದರು. ವಿಭಾಗದಲ್ಲಿ ಏನೇ ಕಾಣೆಯಾಗಲಿ, ಯಾರ ಮೇಲೇ ಗುಮಾನಿ ಬರಲಿ, ವಿಷಯ ಕೊನೆಗೆ ಅವರ ಮೇಜಿಗೇ ಬರುತ್ತಿತ್ತು. ನಾನು ಪಕ್ಕದ ಕೋಣೆಯ ಟೈಪಿಸ್ಟು, ಇಪ್ಪತ್ತೆರಡು ವರ್ಷದಿಂದ. ಯಾಕಮ್ಮನ ಬಾಲ ಎಂದು ಹಿಂದಿನಿಂದ ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ, ನನಗೇನು.

ಆಗಿದ್ದಿಷ್ಟು. ಮಗ್ಗದ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಮಂದವಾಗುತ್ತದೆ. ಸದ್ದು ನಿಂತು ಸ್ವಲ್ಪ ದಿನ ವಿಶ್ರಾಂತಿ ಸಿಕ್ಕರೆ ಅದರಲ್ಲಿ ಎಷ್ಟು ಮರಳಿ ಬರುತ್ತದೆ? ಇದು ದಾದಿಯ ಪ್ರಶ್ನೆ. ನಲವತ್ತೆಂಟು ಕಾರ್ಮಿಕರ ಕಿವಿ ಪರೀಕ್ಷಿಸುವುದು, ಅಧ್ಯಯನದ ನಾಲ್ಕನೇ ತಿಂಗಳಲ್ಲಿ ಎರಡು ವಾರ ಬಿಟ್ಟು ಮತ್ತೆ ಪರೀಕ್ಷಿಸುವುದು ಆಕೆಯ ಯೋಜನೆ. ಹಿಂದಿನ ವಾರ ಗುರುವಾರ ಸಲ್ಲಿಸಿದಳು. ಆದರೆ ಸೋಮವಾರವೇ ಅದೇ ಪ್ರಶ್ನೆಯ ಇನ್ನೊಂದು ಪ್ರಸ್ತಾವನೆ ಕಚೇರಿಗೆ ಬಂದು ಕೂತಿತ್ತು. ಅದು ನಮ್ಮ 'ಮಾವ'ನದು. ನಾಲ್ಕು ವರ್ಷದಿಂದ ಒಂದೊಂದೇ ವಿಷಯ ಹಿಡಿದು ಬಿಡುತ್ತಾ ಹಾಸ್ಟೆಲಿನಲ್ಲೇ ಬೇರು ಬಿಟ್ಟ ವಿದ್ಯಾರ್ಥಿ. ಕಿರಿಯರೆಲ್ಲ ಅವನನ್ನು ಮಾವ ಎನ್ನುತ್ತಿದ್ದರು. ಈ ಸಲವೂ ಪ್ರಸ್ತಾವನೆ ಒಪ್ಪಿಗೆಯಾಗದಿದ್ದರೆ ಅವನ ನೋಂದಣಿಯೇ ಮುಗಿಯುತ್ತಿತ್ತು. ಅವನದರಲ್ಲಿ ನೇಯ್ಗೆ ಮಿಲ್ಲಿನ ಬದಲು ಗಾಜಿನ ಬಾಟಲಿ ಕಾರ್ಖಾನೆ ಇತ್ತು, ನಲವತ್ತೆಂಟರ ಬದಲು ಅರವತ್ತು ಜನ. ಉಳಿದದ್ದೆಲ್ಲ ಅಚ್ಚು ಒತ್ತಿದ ಹಾಗೆ ಒಂದೇ.

ಇಬ್ಬರಿಗೂ ಮಾರ್ಗದರ್ಶಕರು ಒಬ್ಬರೇ ಪ್ರೊಫೆಸರು. ಅವರು ಮುಖ್ಯಸ್ಥರ ಮುಂದೆ ನೊಂದ ಮುಖ ಮಾಡಿಕೊಂಡು, ದಾದಿಯ ಕಡತ ಟೈಪಿಸ್ಟಿನ ಕಂಪ್ಯೂಟರಿನಲ್ಲಿ ಬಿದ್ದಿರುತ್ತದೆ, ಮಾವನ ಕಾಗದವೂ ಅಲ್ಲೇ ಓಡಾಡಿರಬಹುದು, ಯಾರು ಯಾರಿಗೆ ತೋರಿಸಿದರೋ ಎಂದರಂತೆ. ಅಂದರೆ ನಾನು! ಮಾವ ತನ್ನದನ್ನು ಹೊರಗಡೆ ಟೈಪ್ ಮಾಡಿಸಿ ತಂದಿದ್ದ, ನಾನು ಅದರ ಮುಖವನ್ನೂ ಕಂಡಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಯಾಕಮ್ಮನಾದರೂ ನನ್ನ ಪರ ನಿಲ್ಲುತ್ತಾರೆಂದುಕೊಂಡರೆ, ಅವರು ಮೊದಲು ಬಂದದ್ದೇ ನನ್ನ ಕೋಣೆಗೆ. ನನ್ನ ಮೇಲೂ ಗುಮಾನಿಯೇ ಎಂದು ಕೇಳಿದೆ.

"ಇದೆ," ಎಂದರು. "ಕಡತ ತೆಗಿ."

ತೆಗೆದೆ, ಮುಖ ಊದಿಸಿಕೊಂಡೇ. ದಾದಿ ನನಗೆ ಕೊಟ್ಟ ಮೊದಲ ದಿನದಿಂದ ಕೊನೆಯ ತಿದ್ದುಪಡಿಯವರೆಗೂ ಅದರಲ್ಲಿ ನಲವತ್ತೆಂಟೇ ಇತ್ತು. ಯಾಕಮ್ಮ ಹೂಂ ಎಂದು ಹೊರಟುಹೋದರು. ನನಗೆ ಒಂದು ಸಮಾಧಾನದ ಮಾತೂ ಇಲ್ಲ.

ಆಮೇಲೆ ದಾದಿಯನ್ನು ಕೂರಿಸಿ ಸಾಲು ಸಾಲಿಗೂ ಯಾಕೆ ಎಂದು ಕೇಳಿದರು. ನಲವತ್ತೆಂಟೇ ಯಾಕೆ? ಮಗ್ಗದ ಶೆಡ್ಡಿನ ಹಾಜರಿಯಲ್ಲಿ ಅರವತ್ತು ಹೆಸರಿವೆ, ಮೊದಲು ಅಷ್ಟನ್ನೇ ಬರೆದಿದ್ದೆ, ಹೋಗಿ ನೋಡಿದರೆ ಹನ್ನೆರಡು ಜನ ಗೋಡೆಯಾಚೆ ಪ್ಯಾಕಿಂಗ್ ಮಾಡುವವರು, ಅಲ್ಲಿ ಸದ್ದೇ ಇಲ್ಲ, ಅದಕ್ಕೆ ಬಿಟ್ಟೆ ಎಂದಳು. ಆ ಮೊದಲಿನದು ಎಲ್ಲಿ? ಕೈಬರಹದ್ದು, ಸರ್‌ಗೆ ಓದಲು ಕೊಟ್ಟಿದ್ದೆ, ಎಲ್ಲೋ ಕಳೆದುಹೋಯಿತು ಅಂದರು. ಬೇರೆ ಯಾರಿಗಾದರೂ ತೋರಿಸಿದ್ದೆಯಾ? ಇಲ್ಲ. ನಾಲ್ಕನೇ ತಿಂಗಳೇ ಯಾಕೆ? ಅದಕ್ಕೂ ಥಟ್ಟನೆ ಉತ್ತರ ಬಂತು. ಅಷ್ಟಾದ ಮೇಲೆ ಯಾಕಮ್ಮ ನನ್ನನ್ನು ಬಾಟಲಿ ಕಾರ್ಖಾನೆಗೆ ಅಟ್ಟಿದರು, ಒಂದೇ ಒಂದು ಪ್ರಶ್ನೆ ಕೇಳಿಕೊಂಡು ಬಾ ಎಂದು. ಎರಡು ಬಸ್ಸು ಹತ್ತಿ ಇಳಿದು ಹೋಗಿ ಬಂದೆ. ಆ ಉತ್ತರ ಕೇಳಿ ಅವರು ಕನ್ನಡಕ ಒರೆಸಿಕೊಂಡರು. ಅದು ಅವರಿಗೆ ಖುಷಿಯಾದ ಲಕ್ಷಣ.

ಶುಕ್ರವಾರ ಮಧ್ಯಾಹ್ನ ಓದುವ ಕೋಣೆಯ ಉದ್ದನೆಯ ಮೇಜಿನ ಸುತ್ತ ನಾವು ಆರು ಜನ ಕೂತೆವು: ಮುಖ್ಯಸ್ಥರು, ಪ್ರೊಫೆಸರು, ಮಾವ, ದಾದಿ, ಯಾಕಮ್ಮ, ನಾನು. ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ.

ಯಾಕಮ್ಮ ಎರಡೂ ಪ್ರಸ್ತಾವನೆಗಳನ್ನು ಪಕ್ಕಪಕ್ಕ ಇಟ್ಟರು. ಮೊದಲು ಬಂದದ್ದು ಯಾವುದು ಎಂಬುದನ್ನು ಕಚೇರಿಯ ಮೊಹರು ಹೇಳುತ್ತದೆ, ಮೊದಲು ಯೋಚಿಸಿದವರು ಯಾರು ಎಂಬುದನ್ನು ಹೇಳುವುದಿಲ್ಲ ಎಂದರು. ಒಳ್ಳೆಯ ಪ್ರಸ್ತಾವನೆಯಲ್ಲಿ ಪ್ರತಿ ಸಾಲೂ ಪ್ರಶ್ನೆಯಿಂದಲೇ ಹುಟ್ಟಿರುತ್ತದೆ, ಬರೆದವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಕಾರಣ ಹೇಳುತ್ತಾರೆ ಎಂದು, ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದರು.

"ನಾಲ್ಕನೇ ತಿಂಗಳಲ್ಲಿ ಎರಡು ವಾರ ಬಿಟ್ಟಿದ್ದೀರಲ್ಲ, ಯಾಕೆ?"

"ಮಿಲ್ಲು ಆವಾಗ ಬಂದ್ ಇರತ್ತೆ," ಎಂದಳು ದಾದಿ. "ವರ್ಷಕ್ಕೊಂದ್ಸಲ ಮಗ್ಗ ಬಿಚ್ಚಿ ರಿಪೇರಿ ಮಾಡ್ತಾರೆ. ಎಲ್ರ ಕಿವಿಗೂ ಒಟ್ಟಿಗೆ ರಜೆ ಸಿಗೋದು ಆ ಎರಡೇ ವಾರ."

ಮಾವ ತನ್ನ ಕಾಗದ ತಿರುವಿದ, ಮತ್ತೆ ತಿರುವಿದ. ಆಗ ಕಾರ್ಖಾನೆಯೂ ಬಂದ್ ಇರಬಹುದು ಎಂದು ಗೊಣಗಿದ.

ಯಾಕಮ್ಮ ನನ್ನತ್ತ ನೋಡಿದರು. ನಾನು ಕೇಳಿಕೊಂಡು ಬಂದದ್ದನ್ನು ಹೇಳಿದೆ. ಗಾಜು ಕರಗಿಸುವ ಕುಲುಮೆ ಆರಿದರೆ ಒಳಗಿನ ಗಾಜೆಲ್ಲ ಕಲ್ಲಾಗಿ ಕುಲುಮೆಯೇ ಹಾಳು, ಅದಕ್ಕೇ ಹನ್ನೊಂದು ವರ್ಷದಿಂದ ಒಂದು ದಿನವೂ ಆರಿಸಿಲ್ಲ. ಕೆಳಗಿನ ಯಂತ್ರಗಳೂ ಇನ್ನೂರಕ್ಕೂ ಮೇಲೆ ಜನರ ಕೈಯಲ್ಲಿ ಪಾಳಿಯ ಮೇಲೆ ಪಾಳಿ ಓಡುತ್ತಲೇ ಇರುತ್ತವೆ.

ಸದ್ದೇ ನಿಲ್ಲದ ಜಾಗದಲ್ಲಿ ಸದ್ದು ನಿಲ್ಲುವ ಎರಡು ವಾರ ಎಲ್ಲಿಂದ ಬಂತು ಎಂದು ಯಾಕಮ್ಮ ಕೇಳಿದರು. ಮಿಲ್ಲಿನ ಯೋಜನೆಯಲ್ಲಿ ಜಾಗದ ಹೆಸರು ಬದಲಾಯಿಸಿ, ವೇಳಾಪಟ್ಟಿಯನ್ನು ಹಾಗೇ ಬಿಟ್ಟಿದ್ದರಿಂದ ಬಂತು. ಅಲ್ಲಿಗೆ ನಕಲು ಯಾವುದು ಎಂಬುದು ತೀರಿತು.

ಪ್ರೊಫೆಸರು ತಕ್ಷಣ ನನ್ನತ್ತ ಕೈ ತೋರಿಸಿ, ಹಾಗಾದರೆ ಕೊಟ್ಟವನು ಇವನೇ ಎಂದರು.

"ಇವನ ಕಡತದಲ್ಲಿರೋದು ನಲವತ್ತೆಂಟು," ಎಂದರು ಯಾಕಮ್ಮ. "ಇಲ್ಲಿರೋದು ಅರವತ್ತು. ಬಾಟಲಿ ಯಂತ್ರದ ಮೇಲೆ ಇನ್ನೂರಕ್ಕೂ ಮೇಲೆ ಜನ ಇದ್ದಾರೆ, ಅಲ್ಲಿ ಅರವತ್ತಕ್ಕೆ ಅರ್ಥಾನೇ ಇಲ್ಲ. ಅರವತ್ತು ಅಂತ ಇದ್ದದ್ದು ಕೈಬರಹದ ಪ್ರತೀಲಿ ಮಾತ್ರ. ಅದನ್ನ ನೋಡಿದ್ದು ಒಬ್ಬರೇ, ಸರ್. ನೀವು."

ಮಾವ ಮೆಲ್ಲಗೆ ಬಾಯಿ ಬಿಟ್ಟ. ವಿಷಯ ಸರ್ ಕೊಟ್ಟದ್ದು, ಎದುರಿಗೆ ಕೂರಿಸಿಕೊಂಡು ಹೇಳಿ ಬರೆಸಿದ್ದು, ಜಾಗ ಬದಲಾಯಿಸು ಎಂದವರೂ ಅವರೇ. ಅವರದೇ ಸ್ವಂತ ಯೋಚನೆ ಎಂದು ನಂಬಿದ್ದೆ ಎಂದ. ದಾದಿಯ ಮೇಲೆ ದೂರು ಬಂದಾಗ ಅನುಮಾನ ಬಂದಿತ್ತು, ಹೆದರಿ ಸುಮ್ಮನಿದ್ದೆ ಎಂದೂ ಸೇರಿಸಿದ. ಅವನ ಕಣ್ಣು ತುಂಬಿತ್ತು. ಪಾಪ ಅನ್ನಿಸಿತು, ಕಪಾಳಕ್ಕೆ ಬಾರಿಸಬೇಕೆಂದೂ ಅನ್ನಿಸಿತು.

ಪ್ರೊಫೆಸರು ಮಾವನ ಕಾಗದವನ್ನು ತಮ್ಮತ್ತ ಎಳೆದುಕೊಂಡರು. "ಇವನಿಗೆ ಇದು ಕೊನೇ ಅವಕಾಶ," ಎಂದರು. "ಅವಳಿಗಾದ್ರೆ ಇನ್ನೂ ವರ್ಷಗಳಿವೆ, ಪ್ರತಿ ಕಳೆದುಹೋಯ್ತು ಅಂದ್ರೆ ಬೇರೆ ವಿಷಯ ಹುಡುಕ್ಕೋತಾಳೆ ಅಂದ್ಕೊಂಡೆ. ಅವಳು ಅದನ್ನೇ ತಿದ್ದಿ ಕೊಡ್ತಾಳೆ ಅಂತ ಗೊತ್ತಿರ್ಲಿಲ್ಲ."

"ಒಂಬತ್ತು ವರ್ಷ ಬೇಕಾಯ್ತು ಸರ್, ಈ ಒಂದು ವಿಷಯ ಸಿಗೋಕೆ," ಎಂದಳು ದಾದಿ.

ಮುಖ್ಯಸ್ಥರು ಅಲ್ಲೇ ತೀರ್ಮಾನ ಹೇಳಿದರು. ದಾದಿಯ ಪ್ರಸ್ತಾವನೆಗೆ ಒಪ್ಪಿಗೆ, ಬೇರೆ ಮಾರ್ಗದರ್ಶಕರು, ಮಾವನದು ತಿರಸ್ಕೃತ, ಪ್ರೊಫೆಸರ ಮೇಲೆ ವಿಚಾರಣೆ. ಎಲ್ಲರೂ ಕುರ್ಚಿ ಸರಿಸಿ ಏಳತೊಡಗಿದರು. ದಾದಿ ಮಾತ್ರ ಏಳಲಿಲ್ಲ.

"ಇಡೀ ವಿಭಾಗ ನನ್ನ ಕಳ್ಳಿ ಅಂತ ಮಾತಾಡಿದೆ," ಎಂದಳು. "ಸರ್ ಬಾಯಲ್ಲೇ ಒಂದು ಮಾತು ಬರ್ಲಿ."

"ಪ್ರಶ್ನೆ ಇವರದೇ," ಎಂದರು ಪ್ರೊಫೆಸರು. ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿತು.

ದಾದಿ ಎದ್ದು ಹೋಗಿ ಓದುವ ಕೋಣೆಯ ಬಾಗಿಲು ಪೂರ್ತಿ ತೆರೆದಳು. ಹೊರಗಿನ ಪಡಸಾಲೆಯಲ್ಲಿ ವಿಭಾಗದ ವಿದ್ಯಾರ್ಥಿಗಳೆಲ್ಲ ಗೋಡೆಗೆ ಒರಗಿ ನಿಂತಿದ್ದರು.

"ಈಗ ಹೇಳಿ ಸರ್," ಎಂದಳು.

ಪ್ರೊಫೆಸರು ಎದ್ದು ನಿಂತು, ಅವರೆಲ್ಲರ ಎದುರು, ಗಟ್ಟಿಯಾಗಿ ಹೇಳಿದರು.