ಆಷಾಢಕ್ಕೆ ಮುಂಚೆ ಉಕ್ಕಿದ ಹಾಲು

"ಮೆಟ್ಟಿಲು ಹತ್ತೋ ಮುಂಚೆನೇ ಹೇಳ್ಬಿಡ್ತೀನಿ. ನನ್ನ ಹೆಸರು ಸಂಘಮಿತ್ರಾ. ಅಪ್ಪ ಪುಟ್ಟಪ್ಪ, ಭದ್ರಾವತಿ ಫ್ಯಾಕ್ಟರೀಲಿ ಕೆಲಸಕ್ಕಿದ್ರು. ನೀವು ಯಾವ ಜನ ಅಂತ ಕೇಳೋದಿದ್ರೆ ಈಗಲೇ ಕೇಳಿ. ಬಾಡಿಗೆಗೆ ಅಂತ ಬೆಳಿಗ್ಗೆಯಿಂದ ಮೂರು ಮನೆ ಹತ್ತಿ ಇಳಿದಿದ್ದೀನಿ. ಕಾಲು ಸೋತಿದೆ."

ಏಣಿಯ ಮೇಲಿದ್ದವನು ಹಲ್ಲಲ್ಲಿ ಕಚ್ಚಿದ್ದ ವೈರನ್ನು ತೆಗೆದು ಕೆಳಗೆ ನೋಡಿದ.

"ಕೇಳೋದು ಒಂದಿದೆ," ಎಂದ.

ಇವನೂ ಅಷ್ಟೇ… ಎಂದುಕೊಂಡಳು ಅವಳು.

"ನಿಮ್ಮನೇಲಿ ಮಿಕ್ಸಿ ಹಾಕೋದು ಯಾರು? ಅಡುಗೆಮನೇಲಿ ಪಾಯಿಂಟ್ ಯಾವ ಕಡೆ ಕೊಡ್ಲಿ ಅಂತ ಬೆಳಿಗ್ಗೆಯಿಂದ ಯೋಚ್ನೆ ಮಾಡ್ತಿದ್ದೀನಿ."



"ಅಮ್ಮ," ಎಂದಳು. "ಅಮ್ಮ ಎಡಚಿ."

"ಹಾಗಾದ್ರೆ ಎಡಗಡೆ." ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅಂಗೈಯಲ್ಲೇ ಬರೆದುಕೊಂಡ. "ಮೇಲೆ ಹೋಗಿ ನೋಡಿ. ಬಾಗಿಲು ತೆಗ್ದೇ ಇದೆ."

ಅವನ ಹೆಸರು ಶಿವಯೋಗಿ. ಎಲೆಕ್ಟ್ರಿಷಿಯನ್. ಶಿವಮೊಗ್ಗದ ಅಂಚಿನಲ್ಲಿ, ಹೊಳಲೂರು ರಸ್ತೆಗೆ ಎದ್ದ ಹೊಸ ಬಡಾವಣೆಯಲ್ಲಿ ಸೈಟು ಕೊಂಡು, ಒಂದೊಂದೇ ಕೋಣೆ ಏರಿಸಿ ಮನೆ ಕಟ್ಟಿದ್ದ. ಕೆಳಗೆ ಅವನೂ ಅವನ ತಾಯಿ ಪ್ರೇಮಮ್ಮನೂ ಇದ್ದರು. ಮೇಲಿನದು ಬಾಡಿಗೆಗೆ. ಎರಡು ವರ್ಷದ ಹಿಂದೆ ಅಲ್ಲಿ ಭತ್ತ ಬೆಳೆಯುತ್ತಿತ್ತು. ಈಗ ಬೀದಿಗೆ ನಾಲ್ಕು ಮನೆ, ಎಲ್ಲೆಲ್ಲೂ ಜಲ್ಲಿಯ ರಾಶಿ.

ಊರೊಳಗಿನ ಬಾಡಿಗೆ ಸಂಘಮಿತ್ರಾಳ ಕೈಗೆ ಎಟುಕುವಂತಿರಲಿಲ್ಲ. ಶಿವಮೊಗ್ಗದ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸದ್ಯಕ್ಕೆ ಹಗಲಿನ ತರಬೇತಿ. ಅದು ಮುಗಿದ ಮೇಲೆ ದಿನಾ ಬೆಳಿಗ್ಗೆ ಐದೂವರೆಗೆಲ್ಲ ಯಂತ್ರದ ಮುಂದೆ ಇರಬೇಕು. ಭದ್ರಾವತಿಯಿಂದ ಅಷ್ಟು ಹೊತ್ತಿಗೆ ಬರಲು ಬಸ್ಸಿರಲಿಲ್ಲ. ಅತ್ತ ನಿವೃತ್ತನಾದ ಅಪ್ಪ ಕ್ವಾರ್ಟರ್ಸ್ ಬಿಡಲು ಉಳಿದಿದ್ದದ್ದು ಒಂದೇ ತಿಂಗಳು.

ಈ ಮನೆ ಸಿಕ್ಕರೆ ಮೂವರೂ ಒಟ್ಟಿಗೆ. ಇಲ್ಲದಿದ್ದರೆ ಅವಳು ಹಾಸ್ಟೆಲಿಗೆ, ಅಪ್ಪ ಅಮ್ಮ ಯಾರೋ ನೆಂಟರ ಮನೆಯ ಪಡಸಾಲೆಗೆ.

ಕಿಟಕಿ ತೆರೆದಳು. ಗಾಳಿ ಬಂತು. ಎಷ್ಟೋ ದಿನದ ಮೇಲೆ ಅವಳು ಪೂರ್ತಿ ಉಸಿರು ತೆಗೆದುಕೊಂಡಳು.

"ಮನೆ ಬೇಕು," ಎಂದಳು ಕೆಳಗಿಳಿದು. "ಆದ್ರೆ ಅಪ್ಪಂಗೆ ಕಣ್ಣಿನ ಆಪರೇಷನ್ ಆಗಿ ನಾಲ್ಕು ದಿನ ಆಯ್ತಷ್ಟೇ. ಎರಡು ವಾರ ಧೂಳಿಗೆ ಬರಬಾರದಂತೆ. ಅಷ್ಟರಲ್ಲಿ ಆಷಾಢ ಬಂದಿರುತ್ತೆ. ಆಷಾಢದಲ್ಲಿ ಹಾಲು ಉಕ್ಕಿಸಿ ಹೊಸ ಮನೆಗೆ ಕಾಲಿಡೋಕೆ ಅಮ್ಮ ಸುತಾರಾಂ ಒಪ್ಪಲ್ಲ."

"ಮುಂಚೆನೇ ಬಂದು ಉಕ್ಕಿಸಿ ಹೋಗ್ಲಿ."

"ಅಪ್ಪನ್ನ ಬಿಟ್ಟು ಒಬ್ಬಳೇ ಉಕ್ಕಿಸಲ್ವಂತೆ… ನಾನು ಹೇಗಾದ್ರೂ ಒಪ್ಪಿಸ್ತೀನಿ. ಮನೆ ಮಾತ್ರ ಬೇರೆಯೋರಿಗೆ ಕೊಡ್ಬೇಡಿ."

"ಕೊಡಲ್ಲ," ಎಂದ ಅವನು. ಅಷ್ಟೇ.

ಆಮೇಲೆ ದಿನಾ ಸಂಜೆ ಫೋನ್ ಬರತೊಡಗಿತು. ಎಲ್ಲ ಕೆಲಸದ ಮಾತೇ.

"ನಿಮ್ಮ ತಂದೆ ಯಾವ ಕಡೆ ತಲೆ ಹಾಕಿ ಮಲಗ್ತಾರೆ? ಸ್ವಿಚ್ಚು ಕೈಗೆ ಸಿಗಬೇಕು."

"ಪೂರ್ವಕ್ಕೆ."

"ದೇವರ ಕೋಣೆಗೆ ಬಲ್ಬು ಹಳದಿಯೋ ಬಿಳಿಯೋ?"

"ಹಳದಿ. ಇದನ್ನ ನೀವು ನಿನ್ನೆನೂ ಕೇಳಿದ್ರಿ."

"ಹೌದಾ? ಮರ್ತೆ."

ಮರೆತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆರು ಗಂಟೆಯಾದರೆ ಫೋನು ಕೈಯಲ್ಲೇ ಇಟ್ಟುಕೊಂಡು ಓಡಾಡುವುದು ತನಗೂ ರೂಢಿಯಾಗಿದೆ ಎಂಬುದೂ ಗೊತ್ತಿತ್ತು… ಒಪ್ಪಿಕೊಂಡಿರಲಿಲ್ಲ.

ಒಂದು ಸಂಜೆ ಮಾತಿನ ನಡುವೆ ಅವನು ಕೇಳಿದ.

"ಹಿಂದೆ ಯಾರು ಓದ್ತಿರೋದು?"

"ಅಪ್ಪ. ಕಣ್ಣಿಗೆ ಪಟ್ಟಿ ಇದೆಯಲ್ಲ, ಬಾಯಿಪಾಠ ಇರೋ ಪದ್ಯಾನೆಲ್ಲ ಹೇಳ್ಕೋತಾರೆ. ಫ್ಯಾಕ್ಟರಿ ಯಂತ್ರದ ಸದ್ದಿನ ಮಧ್ಯೆ ಹೇಳಿ ಹೇಳಿ ಗಂಟಲು ದೊಡ್ಡದು. ಬಾಗಿಲು ಹಾಕ್ಲಾ?"

"ಬೇಡ. ಫೋನ್ ಅಲ್ಲೇ ಇಡಿ. ಕೇಳ್ತೀನಿ."

ಪುಟ್ಟಪ್ಪನ ರಾಗ ಏರಿತು, ಇಳಿಯಿತು, ನಿಂತಿತು. ಇಪ್ಪತ್ತು ನಿಮಿಷ ಆ ಕಡೆಯಿಂದ ಉಸಿರಿನ ಸದ್ದಲ್ಲದೆ ಬೇರೇನೂ ಇರಲಿಲ್ಲ. ಇಷ್ಟು ಹೊತ್ತು ಸುಮ್ಮನೆ ಕೇಳುವವನು… ಎಂದುಕೊಂಡ ಅವಳ ಯೋಚನೆ ಅಲ್ಲಿಗೇ ನಿಂತಿತು. ಮುಂದೆ ಹೋಗಲು ನಾಚಿತು.

ಆಷಾಢಕ್ಕೆ ಮೂರು ದಿನ ಉಳಿದಿತ್ತು. ತರಬೇತಿ ಮುಗಿಸಿ ಹೊರಬಂದಾಗ ಅವನ ಎರಡು ಕರೆ ಬಂದು ಹೋಗಿದ್ದವು. ತಿರುಗಿ ಮಾಡುವ ಬದಲು ನೇರವಾಗಿ ಹೋಗಿಬಿಡೋಣ ಅನ್ನಿಸಿತು. ಪರದೆಗೆ ಅಳತೆ ತೆಗೆದುಕೊಳ್ಳಬೇಕು ಎಂಬ ನೆಪವೂ ಇತ್ತು.

ಕೆಳಮನೆಗೆ ಬೀಗ. ಟು-ಲೆಟ್ ಬೋರ್ಡು ಇರಲಿಲ್ಲ. ಮೆಟ್ಟಿಲು ಹತ್ತಿದಳು.

ಮೇಲಿನ ಹೊಸ್ತಿಲಿಗೆ ಅರಿಶಿನ ಕುಂಕುಮ. ಬಾಗಿಲಿಗೆ ಮಾವಿನ ತೋರಣ. ಕಿಟಕಿಯಿಂದ ಅಡುಗೆಮನೆ ಕಾಣುತ್ತಿತ್ತು. ಕಟ್ಟೆಯ ಮೇಲೆ ಮೂರು ಇಟ್ಟಿಗೆ, ನಡುವೆ ಬೂದಿ. ಉಕ್ಕಿ ಹರಿದ ಹಾಲು ಕಲ್ಲಿನ ಮೇಲೆ ಸೀದು ಕಂದಾಗಿತ್ತು.

ಕೈಯಲ್ಲಿದ್ದ ಟೇಪನ್ನು ಅವಳು ಬ್ಯಾಗಿಗೆ ಹಾಕಿಕೊಂಡಳು.

ಎದುರುಮನೆಯ ಜಯಾ ಬಟ್ಟೆ ಒಣಗಿಸುತ್ತಾ ಕೂಗಿ ಹೇಳಿದಳು. "ಮನೆ ನೋಡೋಕೆ ಬಂದ್ರಾ? ಅದು ಆಗೋಯ್ತು. ಬೆಳಿಗ್ಗೆನೇ ಹಾಲು ಉಕ್ಕಿತು."

ಯಾರು ಎಂದು ಅವಳು ಕೇಳಲಿಲ್ಲ. ಕೇಳಿ ಏನಾಗಬೇಕು? ಉಳಿದ ಮೂವರು ಮುಖದ ಮೇಲೇ ಇಲ್ಲ ಅಂದಿದ್ದರು. ಇವನು ಸ್ವಿಚ್ಚು ಎಲ್ಲಿ, ಬಲ್ಬು ಯಾವುದು ಎಂದು ಕೇಳಿ ಕೇಳಿ… ಕೊನೆಗೆ ಅವರಂತೆಯೇ ಆದ.

ಬಸ್ಸಿನಲ್ಲಿ ಅವಳು ಅಳಲಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಎತ್ತಲಿಲ್ಲ.

"ಆ ಮನೆ ಆಗೋಯ್ತಮ್ಮ," ಎಂದಳು ಮನೆಗೆ ಬಂದು.

ಕಪ್ಪು ಕನ್ನಡಕದ ಹಿಂದಿನಿಂದ ಪುಟ್ಟಪ್ಪ ಕೇಳಿದ. "ಅವನೇ ಹೇಳಿದ್ನಾ?"

"ಹೇಳೋದೇನಪ್ಪ? ಹಾಲು ಉಕ್ಕಿಸಿದ್ದು ಕಣ್ಣಾರೆ ನೋಡಿದೆ."

"ನಾನು ಕಣ್ಣು ಮುಚ್ಕೊಂಡು ಕೂತಿರೋನು. ನಂಗೇನೋ ಫೋನಲ್ಲಿ ಆ ಹುಡುಗ ಹಾಗೆ ಕೇಳಿಸ್ಲಿಲ್ಲ," ಎಂದ.

ಮೂರನೆಯ ದಿನ ಭಾನುವಾರ. ಕ್ವಾರ್ಟರ್ಸ್ ಮುಂದೆ ಬೈಕು ನಿಂತಿತು. ಶಿವಯೋಗಿ! ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಪಾತ್ರೆ. ಗಡ್ಡ ಕೆರೆದಿರಲಿಲ್ಲ.

ಸಂಘಮಿತ್ರಾ ಬಾಗಿಲಲ್ಲೇ ನಿಂತಳು. "ಏನು ಬೇಕಿತ್ತು?"

"ಮನೆ ಬೇಡ ಅಂದ್ರೆ ಬೇಡ ಅನ್ನಿ. ಇಪ್ಪತ್ತಾರು ಸಲ ಫೋನ್ ಮಾಡಿದ್ದೀನಿ. ಈ ಪಾತ್ರೆ ಮಾತ್ರ ನಿಮ್ಮದು, ತಗೊಳ್ಳಿ. ಉಕ್ಕಿಸಿದ ಪಾತ್ರೆ ಬೇರೆಯೋರ ಮನೇಲಿ ಇರಬಾರದಂತೆ."

"ಯಾರಿಗೋ ಉಕ್ಕಿಸಿದ ಹಾಲಿನ ಪಾತ್ರೆ ನನಗ್ಯಾಕೆ?"

"ಯಾರಿಗೋ?" ಅವನು ಅವಳ ಮುಖವನ್ನೇ ನೋಡಿದ. "ನಿಮಗೇ ರೀ ಉಕ್ಕಿಸಿದ್ದು."

ಒಳಗೆ ಸಾಮಾನು ಕಟ್ಟುತ್ತಿದ್ದ ಅವಳ ಅಮ್ಮ ಮಾಸ್ತಮ್ಮನ ಕೈ ನಿಂತಿತು.

"ಆವತ್ತು ಒಂಬತ್ತೂವರೆ ಒಳಗೆ ಒಳ್ಳೆ ಗಳಿಗೆ ಇದೆ, ಆಮೇಲೆ ಶ್ರಾವಣದವರೆಗೂ ಇಲ್ಲ ಅಂತ ಪಂಚಾಂಗ ನೋಡಿದೋರು ಹೇಳಿದ್ರು. ನಿಮಗೆ ಎರಡು ಸಲ ಫೋನ್ ಮಾಡ್ದೆ. ನೀವು ವಾರ್ಡಲ್ಲಿದ್ರಿ. ನಾನೇ ಇಟ್ಟಿಗೆ ಜೋಡಿಸಿ ಉಕ್ಕಿಸ್ದೆ. ಒಮ್ಮೆ ಉಕ್ಕಿದ್ರೆ ಆಷಾಢದಲ್ಲಿ ಯಾವತ್ತು ಬೇಕಾದ್ರೂ ಸಾಮಾನು ತರಬಹುದಲ್ವಾ?"

 ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

"ನಾನು…" ಎಂದಳು. "ನಿಮ್ಮನ್ನೂ ಆ ಮೂವರ ಜೊತೆ ಸೇರಿಸ್ಬಿಟ್ಟೆ."

"ಈಗ ಗೊತ್ತಾಯ್ತು. ನೀವು ಬಂದಿದ್ರಿ ಅಂತ ನಿನ್ನೆ ಎದುರುಮನೆ ಜಯಕ್ಕ ಹೇಳಿದ್ರು. ಬಂದು ನೋಡೂ ಫೋನ್ ಯಾಕೆ ಎತ್ತಲ್ಲ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ."

"ಅದೆಲ್ಲ ಇರ್ಲಿ ಮಾರಾಯ," ಮಾಸ್ತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಯಾರ ಹೆಸರು ಹೇಳಿ ಉಕ್ಕಿಸ್ದೆ?"

"ಪುಟ್ಟಪ್ಪ, ಮಾಸ್ತಮ್ಮ, ಸಂಘಮಿತ್ರಾ."

"ಹೆಸರೇನೋ ಸರಿ. ಆದ್ರೆ ಹಾಲು ಮನೆಯೋರೇ ಉಕ್ಕಿಸ್ಬೇಕು. ಹೊರಗಿನೋರು ಉಕ್ಕಿಸಿದ್ದು ನಡೆಯಲ್ಲ."

"ನಮ್ಮಮ್ಮನೂ ಅದೇ ಅಂದ್ರು. ನೀನು ಆ ಮನೆಗೆ ಏನಾಗ್ಬೇಕು ಅಂತ ಉಕ್ಕಿಸ್ದೆ ಅಂತ ಕೇಳಿದ್ರು."

"ನೀನೇನಂದೆ?"

ಅವನು ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ಅವರನ್ನೇ ಕೇಳಿ ಬಂದು ಹೇಳ್ತೀನಿ ಅಂದೆ."



"ನಿಮ್ಮ ಕಡೆಯೋರು?" ಸಂಘಮಿತ್ರಾ ಮೆಲ್ಲಗೆ ಕೇಳಿದಳು. ಇದನ್ನು ಕೇಳದೆ ಅವಳಿಗೆ ಇರಲಾಗಲಿಲ್ಲ.

"ದೊಡ್ಡಪ್ಪ ಮಾತು ಬಿಡ್ತಾರೆ. ಅದನ್ನ ಸುಳ್ಳು ಹೇಳಲ್ಲ. ಅಮ್ಮ ಎರಡು ದಿನ ಸುಮ್ಮನಿದ್ದು, ಇವತ್ತು ಬೆಳಿಗ್ಗೆ ಈ ಪಾತ್ರೆ ತೊಳೆದು ಕೈಗೆ ಕೊಟ್ರು. ಕೇಳೋದಿದ್ರೆ ಹೋಗಿ ಕೇಳ್ಕೊಂಡು ಬಾ, ಆಷಾಢದಲ್ಲಿ ಮದುವೆ ಮಾಡಬಾರದು ಅಷ್ಟೇ, ಮಾತಾಡೋಕೇನೂ ಅಡ್ಡಿಯಿಲ್ಲ ಅಂದ್ರು."

ಮಾಸ್ತಮ್ಮ ಗಂಡನ ಕಡೆ ನೋಡಿದಳು. ಪುಟ್ಟಪ್ಪ ಗೋಡೆಗೆ ಒರಗಿದ್ದವನು ನೇರವಾಗಿ ಕೂತ.

"ಮಿತ್ರಾ, ಆ ಹಾಲು ನಡೆಯುತ್ತೋ ಇಲ್ವೋ ಅನ್ನೋದು ಈಗ ನಿನ್ನ ಕೈಲಿದೆ. ಮನೆಗೋಸ್ಕರ ಹೂಂ ಅನ್ನಬೇಡ. ಬೇಡ ಅಂದ್ರೆ ಬೇರೆ ದಾರಿ ನೋಡೋಣ."

ಅವಳು ಯೋಚಿಸಿದಳು. ಎಡಗಡೆ ಎಂದು ಅಂಗೈಯಲ್ಲಿ ಬರೆದುಕೊಂಡದ್ದು… ಇಪ್ಪತ್ತು ನಿಮಿಷ ಅಪ್ಪನ ಪದ್ಯ ಕೇಳಿದ್ದು… ಯಾರೂ ಇಲ್ಲದ ಮನೆಯಲ್ಲಿ ಒಬ್ಬನೇ ನಿಂತು ಅವರ ಹೆಸರು ಹೇಳಿ ಬೆಂಕಿ ಊದಿದ್ದು.

ಮುಂದೆ ಬಂದು ಅವನ ಕೈಯಿಂದ ಪಾತ್ರೆ ತೆಗೆದುಕೊಂಡಳು. ತಳ ಇನ್ನೂ ಕಪ್ಪಗಿತ್ತು. ಕಟ್ಟಿಟ್ಟಿದ್ದ ಸಾಮಾನಿನ ಮೇಲೆ, ದೇವರ ಪಟದ ಪಕ್ಕದಲ್ಲಿ ಇಟ್ಟಳು.

"ನಡೆಯುತ್ತಮ್ಮ," ಎಂದಳು.

ಶಿವಯೋಗಿ ಬಾಗಿಲ ಚೌಕಟ್ಟು ಹಿಡಿದುಕೊಂಡ. 

"ಒಳಗೆ ಬಾ ಮಾರಾಯ," ಎಂದಳು ಮಾಸ್ತಮ್ಮ. "ಮನೆಯೋನು ಬಾಗಿಲಲ್ಲಿ ಯಾಕೆ ನಿಂತಿದ್ದೀಯ?"

ಮುಂದಿನ ವಾರ, ಆಷಾಢದಲ್ಲೇ, ಟೆಂಪೋ ಹೊಳಲೂರು ರಸ್ತೆಗೆ ಬಂತು. ಮಾಸ್ತಮ್ಮ ಬಲಗಾಲಿಟ್ಟು ಒಳಗೆ ಹೋಗಿ ಮಿಕ್ಸಿ ಇಟ್ಟಳು. ನೋಡದೆಯೇ ಎಡಗೈ ಚಾಚಿದಳು. ಸ್ವಿಚ್ಚು ಅಲ್ಲೇ ಇತ್ತು.  ಎರಡು ಸಲ ಒತ್ತಿ ನೋಡಿದಳು.

"ಕಟ್ಟೆ ಮೇಲಿನ ಆ ಕಲೆ ನೀನೇ ತಿಕ್ಕು ಕಣಮ್ಮ," ಕೆಳಗಿನಿಂದ ಪ್ರೇಮಮ್ಮ ಕೂಗಿ ಹೇಳಿದರು. "ನನ್ನ ಕೈಲಿ ಹೋಗ್ಲಿಲ್ಲ."

ಸಂಘಮಿತ್ರಾ ಕಟ್ಟೆಯ ಮುಂದೆ ನಿಂತಳು. ಪಕ್ಕದಲ್ಲಿ ಶಿವಯೋಗಿ.

"ಸೀದಿದೆ," ಎಂದ ಅವನು. "ಮೊದಲನೇ ಸಲ ಅಲ್ವಾ, ಉರಿ ಜಾಸ್ತಿ ಆಯ್ತು. ಶ್ರಾವಣದಲ್ಲಿ ಇನ್ನೊಂದ್ಸಲ ಉಕ್ಕಿಸೋಣ. ಇಬ್ಬರೂ ಸೇರಿ."

"ಉಕ್ಕಿಸೋಣ." ಅವಳು ಆ ಕಂದು ಕಲೆಯ ಮೇಲೆ ಬೆರಳಾಡಿಸಿದಳು. "ಉರಿ ನಾನು ನೋಡ್ಕೋತೀನಿ."

"ನಾನು?"

"ಸುಮ್ನೆ ಪಕ್ಕದಲ್ಲಿರಿ. ಅದು ನಿಮಗೆ ಚೆನ್ನಾಗಿ ಬರುತ್ತೆ."