ಮೇಟಿ ಕಿತ್ತವಳು

“ನಿನ್ನ ಫ್ಯಾನು ನಲವತ್ತು ಹೆಜ್ಜಿ ಆಚಿಗೆ ಸರಿಸವ್ವಾ. ಮೇಟಿ ಮಾತ್ರ ಕೀಳಬ್ಯಾಡ. ಕಿತ್ತವರು ಅದನ್ನ ಸುತ್ತಿ ಸುತ್ತೇ ಸಾಯ್ತಾರ.”

ಮೈಲಮ್ಮ ಇದನ್ನು ಹೇಳಿದಾಗ ಅಮೃತಾಳಿಗೆ ನಗು ತಡೆಯಲಾಗಲಿಲ್ಲ. ಕೂಡ್ಲಿಗಿಗೂ ಹರಪನಹಳ್ಳಿಗೂ ನಡುವಿನ ಆ ಗುಡ್ಡದ ಸಾಲಿನಲ್ಲಿ ಹತ್ತು ಗಾಳಿಯಂತ್ರ ನಿಲ್ಲಿಸಲು ಕಂಪನಿ ಕಳಿಸಿದ್ದ ಇಂಜಿನಿಯರ್ ಆಕೆ. ಬಂದು ಎರಡು ತಿಂಗಳೂ ಆಗಿರಲಿಲ್ಲ. ಒಂಬತ್ತಕ್ಕೆ ಬುನಾದಿ ಬಿದ್ದಿತ್ತು. ಹತ್ತನೆಯದು ಈ ಮುದುಕಿಯ ಕಣದಲ್ಲಿ ಬರಬೇಕು. ಹೊಲವನ್ನು ಮಗ ಮಂಜಣ್ಣ ಕಂಪನಿಗೆ ಗುತ್ತಿಗೆ ಬರೆದುಕೊಟ್ಟಿದ್ದ. ಕಣವೂ ಅದರೊಳಗೇ ಇತ್ತು. ಅವ್ವನನ್ನು ಕೇಳಿರಲಿಲ್ಲ.

ಕಣದ ನಟ್ಟನಡುವೆ ಕಮರ ಮರದ ಒಂದು ಗಟ್ಟಿ ಕಂಬ. ಅದೇ ಮೇಟಿ. ಹಿಂದೆ ಎತ್ತುಗಳನ್ನು ಸಾಲಾಗಿ ಅದಕ್ಕೆ ಕಟ್ಟಿ, ತೆನೆಯ ಮೇಲೆ ಸುತ್ತು ಹೊಡೆಸಿ ಜೋಳ ಬಿಡಿಸುತ್ತಿದ್ದರು. ಮಷೀನು ಬಂದು ಎತ್ತುಗಳ ಸುತ್ತು ನಿಂತು ಇಪ್ಪತ್ತು ವರ್ಷವಾಗಿದ್ದರೂ ಮೈಲಮ್ಮ ಸೋಮವಾರ ತಪ್ಪದೆ ಮೇಟಿಗೆ ಹರಳೆಣ್ಣೆ ಸವರುತ್ತಿದ್ದಳು. ಬಿಸಿಲಿಗೆ ಆ ಎಣ್ಣೆಯ ಕಮಟು ದೂರದಿಂದಲೇ ಮೂಗಿಗೆ ಬಡಿಯುತ್ತಿತ್ತು.

ನಿಜ ಹೇಳಬೇಕೆಂದರೆ ನಲವತ್ತು ಹೆಜ್ಜೆ ಸರಿಸುವುದು ದೊಡ್ಡ ಮಾತೇ ಅಲ್ಲ. ನಕ್ಷೆಯಲ್ಲಿ ಅಷ್ಟು ಸಡಿಲ ಇತ್ತು, ಅಮೃತಾಳಿಗೂ ಅದು ಗೊತ್ತಿತ್ತು. ಆದರೆ ಕಾರಣ ಕೇಳಿದ್ದೇ ತಡ, ಅವಳಿಗೆ ಎಲ್ಲಿಲ್ಲದ ಹಟ ಬಂತು. ಮಾಟಕ್ಕೆ ಹೆದರಿ ಜಾಗ ಬದಲಿಸಿದೆ ಅಂತ ಯಾವ ಮುಖ ಹೊತ್ತು ಆಫೀಸಿಗೆ ಬರೆಯುವುದು?

“ಒಂದು ಹೆಜ್ಜೆನೂ ಸರಿಸಲ್ಲ ಅಜ್ಜಿ,” ಎಂದವಳೇ ಬೂಟುಗಾಲಲ್ಲಿ ಕಣಕ್ಕೆ ಇಳಿದಳು. ಯಾರೂ ಚಪ್ಪಲಿ ಮೆಟ್ಟಿ ಇಳಿಯದ ಕಣ ಅದು.

ಮೈಲಮ್ಮ ಜಗಳಕ್ಕೆ ಬರಲಿಲ್ಲ. ಬಾಗಿ, ಬೂಟಿನ ಗುರುತು ಮೂಡಿದ ಜಾಗದಿಂದ ಒಂದು ಹಿಡಿ ಮಣ್ಣು ತೆಗೆದಳು. ಅದನ್ನು ಬಾಯಿ ಹತ್ತಿರ ಹಿಡಿದು ಏನೋ ಪಿಸುಗುಟ್ಟಿದಳು. ಮೂರು ಸಲ ಊದಿದಳು. ಸೆರಗಿನ ತುದಿಗೆ ಹಾಕಿ ಗಂಟು ಬಿಗಿದಳು.

ಜೀಪಿನ ಡ್ರೈವರ್ ಹುಲುಗೇಶ ಅದನ್ನು ಕಂಡದ್ದೇ ಕೈಮುಗಿದುಬಿಟ್ಟ. “ಕಾಲ ಮಣ್ಣು ತಗಂಡಾಳ್ರಿ ಮೇಡಂ. ನಾ ಅದನ್ನ ಕೀಳಂಗಿಲ್ರಿ.”

“ಹಾಗಾದ್ರೆ ಕೀಲಿ ಇಲ್ಲಿ ಕೊಡು.”

ಹಗ್ಗದ ಒಂದು ತುದಿ ಮೇಟಿಗೆ, ಇನ್ನೊಂದು ಜೀಪಿಗೆ. ಅವಳೇ ಓಡಿಸಿದಳು. ಮೂರನೇ ಎಳೆತಕ್ಕೆ ಮೇಟಿ ಬುಡಸಮೇತ ಕಿತ್ತು ಬಂತು. ನಾಲ್ಕು ತಿಂಗಳಿಂದ ಹನಿ ಮಳೆ ಕಾಣದ ನೆಲ ಅದು. ಆದರೂ ಕುಳಿಯೊಳಗಿಂದ ಹಸಿ ಸಗಣಿಯ ವಾಸನೆ ಎದ್ದು ಕಣವನ್ನೆಲ್ಲ ತುಂಬಿತು.

ಮಟಮಟ ಮಧ್ಯಾಹ್ನ. ದಾರಿಯ ಮೇಲೆ ಜೀಪನ್ನು ಹುಲುಗೇಶನಿಗೆ ಬಿಟ್ಟು, ಅಮೃತಾ ಕುಳಿಯ ಆಳ ನೋಡಲು ಮರಳಿ ಬಂದಳು. ನೋಡಿದಳು. ಜೀಪಿನ ಕಡೆಗೆ ಹೊರಟಳು. ನಲವತ್ತು ಹೆಜ್ಜೆ ಆಗಿರಬೇಕು, ಕಾಲ ಬಳಿ ಮತ್ತೆ ಅದೇ ಕುಳಿ ಇತ್ತು.

ಬಿಸಿಲು ತಲೆಗೇರಿದೆ ಅಂದುಕೊಂಡಳು. ಈ ಸಲ ಜೀಪಿನ ಮೇಲೇ ಕಣ್ಣು ನೆಟ್ಟು, ಎಣಿಸುತ್ತ ನಡೆದಳು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು. ಕುಳಿ.

ಗಾಳಿ ನಿಂತಿತು. ಬೆನ್ನ ಹಿಂದೆ ಗೆಜ್ಜೆಯ ಸದ್ದು. ತಿರುಗಿದಳು. ಯಾರೂ ಇಲ್ಲ. ನಡೆದಳು. ಗೊರಸಿನ ಸದ್ದು. ಒಂದು ಎತ್ತಿನದಲ್ಲ, ಒಂದು ಸಾಲು ಎತ್ತಿನದು. ಕುತ್ತಿಗೆಯ ಮೇಲೆ ಬಿಸಿ ಉಸಿರು. ಜೊಲ್ಲಿನ ವಾಸನೆ. ಕೊರಳಿಗೆ ಹುರಿ ಬಿಗಿಯಿತು. ಕೈಯಾಡಿಸಿದಳು. ಹುರಿ ಇಲ್ಲ. ಬಿಗಿತ ಇದೆ. ನಿಲ್ಲಬೇಕು ಅಂದುಕೊಂಡಳು. ಕಾಲು ಕೇಳಲಿಲ್ಲ. ಎಡಕ್ಕೆ. ಎಡಕ್ಕೆ. ಮತ್ತೆ ಎಡಕ್ಕೆ. ಹಾಡುಹಗಲೇ ಕಣ್ಣಿಗೆ ಕತ್ತಲೆ ಕವಿಯಿತು.

ಕಣದ ಅಂಚಿನಿಂದ ಮೈಲಮ್ಮನ ದನಿ ಬಂತು. “ಮೇಟಿ ತಿರುಗಿ ನೆಡು. ಬಿಡ್ತೀನಿ.”

“ನೆಡಲ್ಲ!”

“ಸಾಯ್ತಿ ತಂಗಿ.”

“ಸತ್ರೂ ನೆಡಲ್ಲ! ಹುಲುಗೇಶಾ, ಹಗ್ಗ ಎಸಿ!”

ಎಸೆದ. ಸುತ್ತುತ್ತಲೇ ಹಿಡಿದಳು. ಸುತ್ತುತ್ತಲೇ ಸೊಂಟಕ್ಕೆ ಬಿಗಿದಳು. ಜೀಪು ಗುಡುಗಿತು. ಅವಳು ಬಿದ್ದಳು. ಮಣ್ಣು ಬಾಯಿಗೆ ಹೊಕ್ಕಿತು. ಕೊರಳು ಇತ್ತ ಎಳೆಯಿತು, ಸೊಂಟ ಅತ್ತ ಎಳೆಯಿತು. ಕೊನೆಗೆ ಅಂಚು ದಾಟಿ ದಾರಿಯ ಮೇಲೆ ಬಂದು ಬಿದ್ದಳು.

ಮೊಣಕಾಲಿನ ಚರ್ಮ ಸುಲಿದುಹೋಗಿತ್ತು. ಹಗ್ಗ ಕಟ್ಟಿದ್ದು ಸೊಂಟಕ್ಕೆ, ಕೆಂಪು ಬರೆ ಎದ್ದಿದ್ದು ಕೊರಳಿಗೆ. ಅದನ್ನು ಮುಟ್ಟಿಕೊಂಡೇ ಅಮೃತಾ ನಕ್ಕಳು. ಸುಳ್ಳು ಯಾಕೆ ಹೇಳಬೇಕು, ಅದು ಗೆದ್ದವರ ನಗುವೇ ಆಗಿತ್ತು.

“ಗಟ್ಟಿಗಿತ್ತಿ ಅದಿ,” ಎಂದಳು ಮೈಲಮ್ಮ. “ಆದ್ರ ಗಂಟು ಇನ್ನ ನನ್ನ ಸೆರಗಿನಾಗ ಐತಿ.”

ಆರು ತಿಂಗಳಲ್ಲಿ ಮೇಟಿಯ ಜಾಗದಲ್ಲೇ ಗೋಪುರ ಎದ್ದಿತು. ಅಷ್ಟೂ ದಿನ ಅಮೃತಾ ಕಣದ ಹೊರಗೆ ನಿಂತೇ ಕೆಲಸ ಮಾಡಿಸಿದಳು. ಹೆದರಿಕೆಯಲ್ಲ, ಬೇರೆ ಕೆಲಸ ಹೆಚ್ಚು ಅನ್ನುತ್ತಿದ್ದಳು. ಆಷಾಢದ ಗಾಳಿ ಬೀಸಿತು. ಗುಡ್ಡದ ಮೇಲೆ ಒಂಬತ್ತು ಫ್ಯಾನು ತಿರುಗಿದವು. ಹತ್ತನೆಯದು ರೆಕ್ಕೆ ಅಲ್ಲಾಡಿಸಲಿಲ್ಲ. ಮೆಕ್ಯಾನಿಕ್‌ಗಳು ಮೂರು ದಿನ ಹತ್ತಿ ಇಳಿದರು, ಒಂದು ಕುಂದೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ದೊಡ್ಡ ಸಾಹೇಬರು ನೋಡಲು ಬರುವವರಿದ್ದರು.

ಆ ಮಧ್ಯಾಹ್ನ ಮೈಲಮ್ಮ ಕೋಲೂರಿಕೊಂಡು ಬಂದಳು. “ಮೇಟಿ ತಿರುಗಿದ್ದು ಎಲ್ಲಿಯಾರ ನೋಡೀಯೇನವ್ವಾ? ಅದು ನಿಲ್ಲತೈತಿ, ಈಗ ನಿನ್ನ ಫ್ಯಾನು ನಿಂತಂಗ. ಸುತ್ತೋರು ಬ್ಯಾರೆ ಬೇಕು.” ಗಂಟನ್ನು ಮುಂದೆ ಹಿಡಿದಳು. “ತಪ್ಪಾತು ಅನ್ನು, ಒಂದ ಮಾತು. ಬಿಚ್ಚಿ ತೂರಿಬಿಡ್ತೀನಿ. ಈ ಪಾಪ ಹೊತಗಂಡು ಸಾಯಾಕ ನನಗೂ ಮನಸಿಲ್ಲ.”

ಮಾತು ಅಮೃತಾಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಚೆಯ ಒಂಬತ್ತರ ಸದ್ದು ಕಿವಿಗೆ ಬಿತ್ತು. ಅವಳು ಬಾಗಿ ಬೂಟು ಬಿಚ್ಚಿದಳು. ಬರಿಗಾಲಲ್ಲಿ ಕಣಕ್ಕೆ ಇಳಿದಳು. ಎಡಕ್ಕೆ ಒಂದು ಹೆಜ್ಜೆ. ಮೇಲೆ ರೆಕ್ಕೆ ಕಿರುಗುಟ್ಟಿತು. ನಿಂತಳು, ಅದೂ ನಿಂತಿತು. ನಡೆದಳು, ತಿರುಗಿತು.

“ನೋಡಜ್ಜಿ, ತಿರುಗ್ತಿದೆ!”

ಮೈಲಮ್ಮನ ಮುಖ ಬಿಳುಚಿತು. “ಬ್ಯಾಡ ತಂಗಿ, ಬ್ಯಾಡ,” ಎನ್ನುತ್ತ ಗಂಟು ಬಿಚ್ಚಿ, ಮಣ್ಣನ್ನು ಗಾಳಿಗೆ ತೂರಿಬಿಟ್ಟಳು. ಅಮೃತಾಳ ಕೊರಳಿನ ಬಿಗಿತ ಸಡಿಲಾಯಿತು. ಅದು ಅವಳಿಗೆ ಚೆನ್ನಾಗಿಯೇ ತಿಳಿಯಿತು.

“ಮಾಟ ಹೋತು! ನಿಂದ್ರವ್ವಾ!”

“ನಿಂದ್ರಿ ಮೇಡಂ! ಇನ್ನ ಅದು ತಾನ ತಿರುಗತೈತಿ!” ಎಂದು ಹುಲುಗೇಶನೂ ಕೂಗಿದ.

ಇದ್ದರೂ ಇರಬಹುದು. ಒಂದು ಸಲ ನಿಂತಿದ್ದರೆ ಗೊತ್ತಾಗಿಬಿಡುತ್ತಿತ್ತು. ಆದರೆ ನಿಂತಾಗ ರೆಕ್ಕೆಯೂ ನಿಂತುಬಿಟ್ಟರೆ? ಅದೂ ಈ ಮುದುಕಿಯ ಎದುರಿಗೆ?

“ನಿಲ್ಲಲ್ಲ,” ಎಂದಳು ಅಮೃತಾ.

ಸಂಜೆಯ ಹೊತ್ತಿಗೆ ಗೋಪುರದ ಸುತ್ತ ಕಾಲುಹಾದಿ ಬಿದ್ದಿತ್ತು, ಅದರ ಮಣ್ಣು ರಕ್ತಕ್ಕೆ ಒದ್ದೆಯಾಗಿತ್ತು. ಬೆಳಿಗ್ಗೆ ಸಾಹೇಬರು ಬಂದು, ತಿರುಗುವ ರೆಕ್ಕೆ ನೋಡಿ ಭೇಷ್ ಅಂದರು. ಅವಳು ನಡೆಯುತ್ತಲೇ ನಮಸ್ಕಾರ ಮಾಡಿದಳು. ಅವರ ಕಾರು ಗುಡ್ಡ ಇಳಿದ ಮೇಲೆ ಹುಲುಗೇಶ ಅಳುತ್ತ ಹಗ್ಗ ಎಸೆದ. ಅವಳು ಅದನ್ನು ದಾಟಿಕೊಂಡು ಮುಂದೆ ನಡೆದಳು.